ಧೀಂಗಿಣ ಹಾರುವ ಮೊಣಕಾಲು

ವೇಣೂರಿನ ಗೊಮ್ಮಟಸ್ವಾಮಿ 400 ವರ್ಷಗಳಿಂದ ನಿಂತೇ ಇದ್ದಾನೆ. 1604ರಲ್ಲಿ ಅಜಿಲ ಅರಸು ತಿಮ್ಮಣ್ಣನು ಫಲ್ಗುಣಿಯ ದಡದಲ್ಲಿ ನಿಲ್ಲಿಸಿದ ಆ 35 ಅಡಿಗಳ ಶಿಲಾಮೂರ್ತಿಯನ್ನು ನೋಡಲು ಹೋದವರು ಮುಖದ ಕಳೆಯನ್ನು ಕೊಂಡಾಡುತ್ತಾರೆ, ಭುಜಗಳ ವಿಸ್ತಾರಕ್ಕೆ ಬೆರಗಾಗುತ್ತಾರೆ. ಮೊಣಕಾಲಿನ ಕಡೆಗೆ ಕಣ್ಣು ಹಾಯಿಸುವವರು ವಿರಳ. ಆದರೆ ಕಾಯೋತ್ಸರ್ಗದ ನಿಲುವೆಲ್ಲ ನಿಂತಿರುವುದು ಆ ಮೊಣಕಾಲಿನ ಮೇಲೆಯೇ. ಶಿಲ್ಪಿಯು ಅದನ್ನು ನೆಟ್ಟಗೆ ಕಡೆದಿದ್ದಾನೆ. ಜೀವಂತ ಮನುಷ್ಯನು ಹಾಗೆ ನೆಟ್ಟಗೆ ನಿಂತಾಗ ಒಂದು ವಿಚಿತ್ರ ನಡೆಯುತ್ತದೆ. ಕಾಲು ಚಾಚಿಕೊಳ್ಳುವ ಕೊನೆಯ ಘಟ್ಟದಲ್ಲಿ ಕೆಳಗಾಲಿನ ಎಲುಬು ತೊಡೆಯೆಲುಬಿನ ಅಡಿಯಲ್ಲಿ ತುಸು ಹೊರಕ್ಕೆ ತಿರುಗಿ, ತಿರುಪುಮೊಳೆ ಬಿಗಿದಂತೆ ಕುಳಿತುಬಿಡುತ್ತದೆ. ಸಂಧಿಗೆ ಬೀಗ ಬೀಳುತ್ತದೆ. ಸ್ನಾಯುಗಳಿಗೆ ಹೆಚ್ಚಿನ ದುಡಿಮೆಯಿಲ್ಲದೆ ಮನುಷ್ಯ ಬಹಳ ಹೊತ್ತು ನಿಲ್ಲಬಲ್ಲ. ಆ ಬೀಗವನ್ನು ತೆರೆಯುವುದಕ್ಕೆಂದೇ ಮೊಣಕಾಲಿನ ಹಿಂಬದಿಯಲ್ಲಿ ಒಂದು ಪುಟ್ಟ ಸ್ನಾಯುವನ್ನು ಪ್ರಕೃತಿ ಇರಿಸಿದೆ.

ಮೊಣಕಾಲೆಂದರೆ ಬಾಗಿಲಿನ ಕೀಲಿನಂತೆ ಮಡಚುವ, ಚಾಚುವ ಸಂಧಿ ಎಂದೇ ಬಹುಮಂದಿಯ ತಿಳಿವಳಿಕೆ. ಅದು ತಿರುಗುತ್ತದೆಂಬುದು ಅಷ್ಟಾಗಿ ಯಾರಿಗೂ ಹೊಳೆಯುವುದಿಲ್ಲ. ಚಾಚಿದ ಮೊಣಕಾಲು ಅಲ್ಪಸ್ವಲ್ಪ ತಿರುಗುತ್ತದೆ. ಮಡಚಿದ ಮೊಣಕಾಲು ಅದಕ್ಕಿಂತ ಎಷ್ಟೋ ಹೆಚ್ಚು ತಿರುಗುತ್ತದೆ. ನಡೆಯುವವನಿಗೆ ಈ ತಿರುವು ಬೇಕಾದುದು ಸ್ವಲ್ಪವೇ. ಕುಣಿಯುವವನಿಗೆ ಮಾತ್ರ ಅದೇ ಬಂಡವಾಳ.

ವೇಣೂರಿನಿಂದ ಬಂಟ್ವಾಳದ ಕಡೆಗೆ ಬಂದರೆ, ಸುಗ್ಗಿ ಮುಗಿದ ಗದ್ದೆಗಳಲ್ಲಿ ಚಳಿಗಾಲದುದ್ದಕ್ಕೂ ತೆಂಕುತಿಟ್ಟಿನ ಬಯಲಾಟಗಳು. ಚೆಂಡೆಯ ಏರು ಮುಟ್ಟುತ್ತಿದ್ದಂತೆ ಅಭಿಮನ್ಯುವೋ ಬಭ್ರುವಾಹನನೋ ಆದ ಪುಂಡುವೇಷಧಾರಿ ರಂಗಸ್ಥಳದ ಸುತ್ತ ಧೀಂಗಿಣ ಹಾರಲು ತೊಡಗುತ್ತಾನೆ. ನೆಲದಿಂದ ನೆಗೆದು, ಗಾಳಿಯಲ್ಲೇ ಮೈ ತಿರುಗಿಸಿ, ಇಳಿದು, ಇಳಿದ ಕ್ಷಣದಲ್ಲೇ ಮತ್ತೆ ನೆಗೆಯುವ ಈ ಹಾರುಸುತ್ತು ಹತ್ತಾಯಿತು, ಇಪ್ಪತ್ತಾಯಿತು, ಐವತ್ತಾಯಿತು ಎಂದು ಪ್ರೇಕ್ಷಕರು ಲೆಕ್ಕ ಹಿಡಿಯುವುದುಂಟು. ಧರ್ಮಸ್ಥಳ ಮೇಳದಲ್ಲಿ ಬಹುಕಾಲ ಕುಣಿದು 2021ರಲ್ಲಿ ತೀರಿಕೊಂಡ ಪುತ್ತೂರು ಶ್ರೀಧರ ಭಂಡಾರಿಯವರು 'ಸಿಡಿಲಮರಿ' ಎನಿಸಿಕೊಂಡದ್ದು ಇಂತಹ ಕುಣಿತದಿಂದಲೇ. ಪ್ರತಿಯೊಂದು ಧೀಂಗಿಣದ ಕೊನೆಗೂ ಒಂದು ಅಪಾಯದ ಕ್ಷಣವಿದೆ. ಪಾದ ನೆಲಕ್ಕೆ ಊರಿದೆ, ಮೈಯಿನ್ನೂ ತಿರುಗುತ್ತಿದೆ. ಊರಿದ ಪಾದಕ್ಕೂ ತಿರುಗುವ ಮೈಗೂ ನಡುವೆ ಸಿಕ್ಕಿಕೊಂಡದ್ದು ಮೊಣಕಾಲು.

ಇದೇ ಕ್ಷಣ ಬೇರೆ ವೇಷ ತೊಟ್ಟು ಈ ಸೀಮೆಯ ಇತರ ಅಂಗಳಗಳಲ್ಲಿಯೂ ಬರುತ್ತದೆ. ಹೊನಲು ಬೆಳಕಿನ ಕಬಡ್ಡಿ ಪಂದ್ಯಾಟದಲ್ಲಿ ದಾಳಿಗಾರನ ಪಾದವನ್ನು ಎದುರಾಳಿ ಬಿಗಿಯಾಗಿ ಹಿಡಿದಿರುತ್ತಾನೆ. ದಾಳಿಗಾರ ಮೈಯನ್ನು ತಿರುಚಿ ಗೆರೆಯ ಕಡೆಗೆ ಜಿಗಿಯುತ್ತಾನೆ. ಕಂಬಳದ ಕರೆಯಲ್ಲಿ ಓಟವೇನೋ ನೇರ. ಮೂಡಬಿದಿರೆಯ ಬಳಿಯ ಮಿಜಾರಿನ ಶ್ರೀನಿವಾಸ ಗೌಡರು 2020ರಲ್ಲಿ ಐಕಳ ಕಂಬಳದಲ್ಲಿ 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಓಡಿ ದೇಶದ ಪತ್ರಿಕೆಗಳಲ್ಲೆಲ್ಲ ಹೆಸರಾದರು. ಅಂತಹ ವೇಗದಲ್ಲಿ ಬಂದ ಓಟಗಾರ ಮಂಜೊಟ್ಟಿಯಲ್ಲಿ ಕೋಣಗಳ ಹಿಂದೆ ತನ್ನನ್ನು ತಡೆದು ನಿಲ್ಲಿಸಿಕೊಳ್ಳಬೇಕು. ಕೆಸರಿನಿಂದ ಗಟ್ಟಿ ನೆಲಕ್ಕೆ ಬಿದ್ದ ಹೆಜ್ಜೆ, ಹಠಾತ್ತನೆ ಬಂದ ತಡೆ, ಪಕ್ಕಕ್ಕೆ ತಿರುಗಿದ ಮೈ: ಇವು ಒಟ್ಟುಗೂಡಿದರೆ ಮೊಣಕಾಲಿಗೆ ಸುಖವಿಲ್ಲ.

ನಡುವಣ ಹಗ್ಗ

ಮೊಣಕಾಲಿನ ಒಳಗೆ, ನಟ್ಟನಡುವೆ, ಒಂದನ್ನೊಂದು ಕತ್ತರಿಯಾಕಾರದಲ್ಲಿ ದಾಟುವ ಎರಡು ಅಸ್ಥಿಬಂಧಗಳಿವೆ. ಎಲುಬನ್ನು ಎಲುಬಿಗೆ ಕಟ್ಟುವ ನಾರಿನ ಹಗ್ಗವೇ ಅಸ್ಥಿಬಂಧ. ಲಿಗಮೆಂಟ್ ಎಂದು ಇಂದು ಎಲ್ಲರ ಬಾಯಲ್ಲಿರುವುದು ಅದೇ. ಎರಡರಲ್ಲಿ ಮುಂದಣದನ್ನು ಆಸ್ಪತ್ರೆಯ ಮಾತಿನಲ್ಲಿ ಎ.ಸಿ.ಎಲ್. ಎನ್ನುತ್ತಾರೆ. ಸುಮಾರು 3 ಸೆಂಟಿಮೀಟರ್ ಉದ್ದ, ಒಂದು ಸೆಂಟಿಮೀಟರಿನಷ್ಟು ದಪ್ಪ. ತೊಡೆಯೆಲುಬಿನ ಹಿಂಬದಿಯಿಂದ ಹೊರಟು ಕೆಳಗಾಲಿನ ಎಲುಬಿನ ಮುಂಬದಿಗೆ ಓರೆಯಾಗಿ ಇಳಿಯುತ್ತದೆ. ಎಳೆಯ ಪ್ರಾಯದಲ್ಲಿ ಇದನ್ನು ಹರಿಯಬೇಕಾದರೆ 200 ಕಿಲೋಗ್ರಾಮಿಗೂ ಮಿಕ್ಕಿದ ಭಾರದ ಎಳೆತ ಬೇಕು. ಕೆಳಗಾಲಿನ ಎಲುಬು ಮುಂದಕ್ಕೆ ಜಾರದಂತೆ ತಡೆಯುವುದು ಇದರ ಮುಖ್ಯ ಕೆಲಸ. ಒಳಮುಖವಾಗಿ ಮಿತಿಮೀರಿ ತಿರುಗದಂತೆ ನೋಡಿಕೊಳ್ಳುವುದು ಇನ್ನೊಂದು.

ಇದು ಹರಿಯುವುದಕ್ಕೆ ಲಾರಿಯೇ ಬಂದು ಬಡಿಯಬೇಕೆಂದಿಲ್ಲ. ಆಟದ ಬಯಲಿನ ಗಾಯಗಳಲ್ಲಿ ಬಹುಪಾಲು ಯಾರ ಹೊಡೆತವೂ ಇಲ್ಲದೆ, ತಿರುಗುವಾಗ ಅಥವಾ ಹಾರಿ ಇಳಿಯುವಾಗ ಆದವು. ಒಳಗಿನಿಂದ 'ಟಪ್' ಎಂದದ್ದು ಎಷ್ಟೋ ಮಂದಿಗೆ ಕೇಳಿಸುತ್ತದೆ. ಕೆಲವು ತಾಸುಗಳಲ್ಲಿ ಮೊಣಕಾಲು ರಕ್ತ ತುಂಬಿ ಊದುತ್ತದೆ. ಒಂದೇ ಬಗೆಯ ಆಟವಾಡುವ ಹುಡುಗರಿಗಿಂತ ಹುಡುಗಿಯರಲ್ಲಿ ಈ ಗಾಯ ಹೆಚ್ಚೆಂಬುದು ದೇಶದೇಶಗಳಲ್ಲಿ ಕಂಡ ಸಂಗತಿ. ಮೂಡಬಿದಿರೆಯಂತಹ ಕ್ರೀಡೆಯ ಊರಿನಲ್ಲಿ ತಂದೆತಾಯಿಯರು ಇದನ್ನು ತಿಳಿದಿರುವುದು ಒಳ್ಳೆಯದು.

ಮುಂದಿನ ಕಥೆ ಹಳ್ಳಿಗಳಲ್ಲಿ ಒಂದೇ ತೆರ. ಎಣ್ಣೆ ತಿಕ್ಕಿಸಿ, ಪಟ್ಟು ಹಾಕಿಸಿ, ಮೂರು ವಾರ ಮಲಗಿದರೆ ಊತ ಇಳಿಯುತ್ತದೆ, ನೋವೂ ಹೋಗುತ್ತದೆ. ಗುಣವಾಯಿತೆಂದು ಮನೆಯವರು ಹರಕೆ ಒಪ್ಪಿಸುತ್ತಾರೆ. ಆದರೆ ಎಣ್ಣೆ ತೊಗಲಿನ ಮೇಲೆ, ಹಗ್ಗ ಸಂಧಿಯ ಒಳಗೆ. ಪೂರ್ತಿ ಹರಿದ ಎ.ಸಿ.ಎಲ್. ತಾನಾಗಿ ಮೊದಲಿನಂತೆ ಕೂಡಿಕೊಳ್ಳುವುದು ಅಪರೂಪ. ನೇರ ನಡಿಗೆಗೆ ತೊಂದರೆಯಿಲ್ಲ. ಗದ್ದೆಯ ಹುಣಿಯಲ್ಲಿ ಸರಕ್ಕನೆ ತಿರುಗಿದಾಗ, ತೋಟದ ಇಳಿಜಾರಿನಲ್ಲಿ ಇಳಿದಾಗ, ಕಾಲು ತನ್ನದಲ್ಲವೆಂಬಂತೆ ಕುಸಿಯುತ್ತದೆ. ಪ್ರತಿಯೊಂದು ಕುಸಿತವೂ ಎಲುಬುಗಳ ನಡುವಣ ಮೃದು ಮೆತ್ತೆಗಳನ್ನು ಅರೆಯುತ್ತ ಹೋಗುತ್ತದೆ.

ಹಾಗೆಂದು ಹರಿದವರಿಗೆಲ್ಲ ಶಸ್ತ್ರಕ್ರಿಯೆ ಬೇಕೆಂದಲ್ಲ. ಸ್ವೀಡನ್ನಿನಲ್ಲಿ 121 ಮಂದಿ ತರುಣರ ಮೇಲೆ ನಡೆದು 2010ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಮೊದಲು ವ್ಯಾಯಾಮವನ್ನೇ ನೆಚ್ಚಿದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಎರಡು ವರ್ಷಗಳಲ್ಲಿ ಶಸ್ತ್ರಕ್ರಿಯೆಯ ಅಗತ್ಯವೇ ಬೀಳಲಿಲ್ಲ. ಅಂಗಡಿಯಲ್ಲಿ ಕೂರುವವನಿಗೂ ಧೀಂಗಿಣ ಹಾರುವವನಿಗೂ ಒಂದೇ ಮದ್ದು ಹೇಗಾದೀತು?

ಕಸಿಯ ಕಥೆ

ಹರಿದ ಹಗ್ಗವನ್ನು ಹೊಲಿಯುವ ಸಾಹಸ 1895ರಲ್ಲಿಯೇ ನಡೆದಿತ್ತು. ಇಂಗ್ಲೆಂಡಿನ ಲೀಡ್ಸ್ ನಗರದ ಮೇಯೋ ರಾಬ್ಸನ್ ಎಂಬ ವೈದ್ಯ ಗಣಿ ಕೆಲಸಗಾರನೊಬ್ಬನ ಮೊಣಕಾಲನ್ನು ತೆರೆದು ಎರಡೂ ಅಸ್ಥಿಬಂಧಗಳಿಗೆ ಹೊಲಿಗೆ ಹಾಕಿದ. ಹೊಲಿಗೆ ಎಲ್ಲರಲ್ಲಿಯೂ ನಿಲ್ಲುವುದಿಲ್ಲವೆಂದು ಕ್ರಮೇಣ ತಿಳಿಯಿತು. 1917ರಲ್ಲಿ ಬ್ರಿಸ್ಟಲ್ಲಿನ ಹೇ ಗ್ರೋವ್ಸ್ ಬೇರೆ ದಾರಿ ಹಿಡಿದ: ರೋಗಿಯ ತೊಡೆಯ ಹೊರಬದಿಯಿಂದಲೇ ನಾರಿನ ಪಟ್ಟಿಯೊಂದನ್ನು ತೆಗೆದು, ಎಲುಬುಗಳಲ್ಲಿ ಸುರಂಗ ಕೊರೆದು, ಹಳೆಯ ಹಗ್ಗವಿದ್ದ ಜಾಗದಲ್ಲಿ ಹೊಸತನ್ನು ಪೋಣಿಸಿದ. 1963ರಲ್ಲಿ ಅಮೇರಿಕೆಯ ಕೆನೆತ್ ಜೋನ್ಸ್ ಮಂಡಿಚಿಪ್ಪಿನ ಕೆಳಗಿನ ಸ್ನಾಯುರಜ್ಜುವಿನ ನಡುಭಾಗವನ್ನು ಬಳಸಿಕೊಂಡ. ಸ್ನಾಯುವನ್ನು ಎಲುಬಿಗೆ ಕಟ್ಟುವ ದಾರ ಸ್ನಾಯುರಜ್ಜು. ಎಲುಬನ್ನು ಎಲುಬಿಗೆ ಕಟ್ಟುವುದು ಅಸ್ಥಿಬಂಧ. ಒಂದನ್ನು ಇನ್ನೊಂದರ ಕೆಲಸಕ್ಕೆ ಹಚ್ಚುವುದೇ ಈ ಶಸ್ತ್ರಕ್ರಿಯೆಯ ಮರ್ಮ. ಮಂಗಳೂರು, ಮಣಿಪಾಲಗಳ ಆಸ್ಪತ್ರೆಗಳಲ್ಲಿ ಇಂದು ಇದು ನಿತ್ಯದ ಕೆಲಸವಾಗಿದೆ. ಪುಟ್ಟ ರಂಧ್ರಗಳ ಮೂಲಕ ದೂರದರ್ಶಕದಂತಹ ನಳಿಗೆಯನ್ನು ಒಳಹೊಗಿಸಿ, ಪರದೆಯ ಮೇಲೆ ನೋಡುತ್ತ ಕೆಲಸ ಪೂರೈಸುತ್ತಾರೆ.

ಯಾವ ರಜ್ಜುವನ್ನು ತೆಗೆಯಬೇಕೆಂಬುದು ಸಣ್ಣ ಪ್ರಶ್ನೆಯಲ್ಲ. ತೊಡೆಯ ಹಿಂಬದಿಯ ಎರಡು ತೆಳು ರಜ್ಜುಗಳನ್ನು ತೆಗೆದು, ನಾಲ್ಕು ಮಡಿಕೆಯಾಗಿ ಹೆಣೆದು ಬಳಸುವುದು ನಮ್ಮಲ್ಲಿ ಹೆಚ್ಚು ಬಳಕೆಯ ಪದ್ಧತಿ. ನಾಲ್ಕು ಮಡಿಕೆಯ ಹಗ್ಗ ಹುಟ್ಟಿನ ಹಗ್ಗಕ್ಕಿಂತಲೂ ಗಟ್ಟಿ. ಆದರೆ ಆ ರಜ್ಜುಗಳ ಸ್ನಾಯುಗಳು ಅಲ್ಲಿ ಸುಮ್ಮನೆ ಇದ್ದವಲ್ಲ. ಮೊಣಕಾಲನ್ನು ಮಡಚುವುದು, ಕೆಳಗಾಲನ್ನು ಒಳಕ್ಕೆ ತಿರುಗಿಸುವುದು, ಅದು ಮುಂದಕ್ಕೆ ಜಾರದಂತೆ ಹಿಂದಕ್ಕೆ ಎಳೆದಿಡುವುದು ಅವುಗಳ ಕೆಲಸ. ಒಂದು ಕಾವಲನ್ನು ಕಟ್ಟಲು ಇನ್ನೊಂದು ಕಾವಲನ್ನು ಕೊಂಚ ಸಡಿಲಿಸಿದಂತಾಯಿತು. ಮಂಡಿಚಿಪ್ಪಿನ ಕೆಳಗಿನ ರಜ್ಜುವಾದರೆ ಮಂಡಿಯೂರುವಾಗ ನೋವು ಉಳಿಯುವ ಸಂಭವ ಹೆಚ್ಚು. ಬಡಗುತಿಟ್ಟಿನಲ್ಲಿ ಮಂಡಿ ಹಾಕಿ ಸುತ್ತುವ ಕಲಾವಿದನಿಗೆ, ನಿತ್ಯ ಮಂಡಿಯೂರಿ ನಮಾಜು ಮಾಡುವವರಿಗೆ, ಇಗರ್ಜಿಯಲ್ಲಿ ಮೊಣಕಾಲೂರುವವರಿಗೆ ಇದು ಅಲ್ಪ ವಿಷಯವಲ್ಲ. ಆದುದರಿಂದ ರೋಗಿಯು ವೈದ್ಯನಿಗೆ ತನ್ನ ಪ್ರಾಯವನ್ನು ಹೇಳುವಂತೆಯೇ ತನ್ನ ಕಸುಬನ್ನೂ ಕುಣಿತವನ್ನೂ ವಿವರವಾಗಿ ಹೇಳತಕ್ಕದ್ದು.

ಇಷ್ಟೆಲ್ಲ ಆದ ಮೇಲೂ ಒಂದು ಕೊರತೆ ವೈದ್ಯರನ್ನು ದಶಕಗಳ ಕಾಲ ಕಾಡಿತು. ಶಸ್ತ್ರಕ್ರಿಯೆಯಾದ ಮೊಣಕಾಲನ್ನು ಹಿಡಿದು ಮುಂದಕ್ಕೆ ಎಳೆದರೆ ಕದಲುವುದಿಲ್ಲ, ಹಗ್ಗ ಗಟ್ಟಿಯಾಗಿದೆ. ಆದರೆ ರೋಗಿ, "ನೆಟ್ಟಗೆ ಓಡುತ್ತೇನೆ, ತಿರುಗಿದರೆ ಮಾತ್ರ ಭಯವಾಗುತ್ತದೆ" ಎನ್ನುತ್ತಾನೆ. ಈ ತಿರುವಿನ ಸಡಿಲವನ್ನು ಹಿಡಿಯುವ ಪರೀಕ್ಷೆಯನ್ನು ಕೆನಡಾದ ಟೊರಾಂಟೊ ನಗರದ ಮ್ಯಾಕಿಂಟಾಷ್ ಮತ್ತು ಅವರ ಸಂಗಡಿಗರು 1972ರಲ್ಲಿ ವಿವರಿಸಿದರು. ಅದರ ಹೆಸರು ಪಿವಟ್ ಶಿಫ್ಟ್. ಮಲಗಿದವನ ಕಾಲನ್ನೆತ್ತಿ, ಪಾದವನ್ನು ಒಳಕ್ಕೆ ತಿರುಗಿಸಿ, ಮೊಣಕಾಲಿನ ಹೊರಬದಿಯನ್ನು ಒತ್ತುತ್ತ ಮೆಲ್ಲನೆ ಮಡಚುತ್ತಾರೆ. ಹಗ್ಗವಿಲ್ಲದ ಮೊಣಕಾಲಿನಲ್ಲಿ ಮುಂದಕ್ಕೆ ಜಾರಿ ನಿಂತಿದ್ದ ಕೆಳಗಾಲಿನ ಎಲುಬು 20ರಿಂದ 30 ಡಿಗ್ರಿ ಮಡಚುವಷ್ಟರಲ್ಲಿ ಧಡಕ್ಕನೆ ಹಿಂದಕ್ಕೆ, ತನ್ನ ಸ್ಥಾನಕ್ಕೆ, ಹಾರುತ್ತದೆ. ಎಚ್ಚರವಿರುವ ರೋಗಿ ಅಂಜಿ ಸ್ನಾಯುಗಳನ್ನು ಬಿಗಿಹಿಡಿಯುವುದರಿಂದ ಈ ಪರೀಕ್ಷೆ ಅರಿವಳಿಕೆ ಕೊಟ್ಟಾಗಲೇ ಸರಿಯಾಗಿ ಸಿಗುತ್ತದೆ. ಕುಣಿಯುವವನ ಅನುಭವಕ್ಕೆ ಇಷ್ಟು ಹತ್ತಿರವಾದ ಪರೀಕ್ಷೆ ಮತ್ತೊಂದಿಲ್ಲ.

ಹಗ್ಗ ಗಟ್ಟಿಯಾಗಿದ್ದರೂ ತಿರುವು ಏಕೆ ನಿಲ್ಲಲಿಲ್ಲ? ಅಜ್ಜಿಯಂದಿರ ಬೀಸುಕಲ್ಲನ್ನು ನೆನೆದರೆ ಉತ್ತರ ಸಿಗುತ್ತದೆ. ಮೇಲಿನ ಕಲ್ಲು ತಿರುಗುವುದು ನಡುವಿನ ಗೂಟದ ಸುತ್ತ. ಆ ಗೂಟವನ್ನು ಎಷ್ಟು ಬಲವಾಗಿ ಹಿಡಿದರೂ ಕಲ್ಲು ತಿರುಗುವುದು ನಿಲ್ಲದು. ಅಂಚಿನ ಹಿಡಿಯನ್ನು ಎರಡು ಬೆರಳಿನಿಂದ ತಡೆದರೆ ನಿಲ್ಲುತ್ತದೆ. ಎ.ಸಿ.ಎಲ್. ಇರುವುದು ನಡುವಿನಲ್ಲಿ, ಗೂಟದ ಹತ್ತಿರ. ತಿರುವನ್ನು ತಡೆಯಲು ಅದಕ್ಕೆ ಸನ್ನೆಯ ಬಲ ಕಡಮೆ. ಮೊಣಕಾಲಿನ ಹೊರ ಅಂಚಿನಲ್ಲಿರುವ ಕಟ್ಟುಗಳಿಗೆ ಆ ಬಲ ಹೆಚ್ಚು. ಎ.ಸಿ.ಎಲ್. ಹರಿಯುವ ಅದೇ ತಿರುಚಿನಲ್ಲಿ ಈ ಹೊರಗಟ್ಟುಗಳೂ ಹಲವರಲ್ಲಿ ಹಿಂಜಿಹೋಗಿರುತ್ತವೆ. ಒಳಗಿನದನ್ನು ಹೊಸತು ಮಾಡಿ ಹೊರಗಿನದನ್ನು ಮರೆತರೆ ಬೀಸುಕಲ್ಲು ಮತ್ತೆ ತಿರುಗುತ್ತದೆ.

ಇನ್ನೊಂದು ಕಾರಣ ಸುರಂಗದ ಜಾಗ. ಹುಟ್ಟಿನ ಹಗ್ಗ ಓರೆಯಾಗಿರುತ್ತದೆಂದು ಹಿಂದೆ ಹೇಳಿತಷ್ಟೆ. ಒಂದು ಕಾಲದಲ್ಲಿ ಬಳಕೆಯಲ್ಲಿದ್ದ ಕೊರೆಯುವ ಕ್ರಮದಿಂದ ಹೊಸ ಹಗ್ಗ ಬಹುಮಟ್ಟಿಗೆ ನೆಟ್ಟಗೆ ನಿಂತುಬಿಡುತ್ತಿತ್ತು. ಚಪ್ಪರದ ಕಂಬಕ್ಕೆ ದೂರದಲ್ಲಿ ಗೂಟ ಹೊಡೆದು ಓರೆಯಾಗಿ ಎಳೆದು ಕಟ್ಟಿದ ಹಗ್ಗ ಗಾಳಿಗೆ ಜಗ್ಗದು. ಕಂಬದ ಬುಡದಲ್ಲೇ ಗೂಟ ಹೊಡೆದು ಕಟ್ಟಿದರೆ ಇದ್ದೂ ಇಲ್ಲದಂತೆ. ಈಗ ಹುಟ್ಟಿನ ಹಗ್ಗದ ಹೆಜ್ಜೆಗುರುತನ್ನು ಹುಡುಕಿ ಅಲ್ಲಿಯೇ ಸುರಂಗ ಕೊರೆಯುವುದು ರೂಢಿಯಾಗಿದೆ.

ಹೊರ ಅಂಚಿನ ಮಾತಿಗೆ ಬರೋಣ. ಪ್ಯಾರಿಸಿನ ಪಾಲ್ ಸೆಗೊಂಡ್ 1879ರಲ್ಲಿಯೇ ಅಲ್ಲಿ ಮುತ್ತಿನ ಹೊಳಪಿನ ನಾರಿನ ಪಟ್ಟಿಯೊಂದನ್ನು ಗುರುತಿಸಿದ್ದ. ಫ್ರಾನ್ಸಿನ ಲೆಮೇರ್ 1967ರಲ್ಲಿ ಹೊರಬದಿಯನ್ನು ಬಿಗಿಯುವ ಶಸ್ತ್ರಕ್ರಿಯೆಯನ್ನು ಪ್ರಕಟಿಸಿದ. ಮುಂದೆ ಅದು ಮೂಲೆ ಸೇರಿತು. 2013ರಲ್ಲಿ ಬೆಲ್ಜಿಯಮಿನ ಕ್ಲಾಸ್, ಬೆಲ್ಲೆಮನ್ಸ್ ಮೊದಲಾದವರು ಆ ಪಟ್ಟಿಯ ಅಂಗರಚನೆಯನ್ನು ಮತ್ತೆ ವಿವರಿಸಿದಾಗ, ಹೊಸ ಅಸ್ಥಿಬಂಧವೇ ಸಿಕ್ಕಿತೆಂದು ಪತ್ರಿಕೆಗಳು ಡಂಗುರ ಸಾರಿದವು. ಅದು ಹೊಸತಲ್ಲ, ಮರೆತದ್ದು. ಡಂಗುರದಿಂದ ಆದ ಲಾಭವೆಂದರೆ ಲೆಮೇರನ ಕೆಲಸ ಮೂಲೆಯಿಂದ ಹೊರಬಂತು. ಕೆನಡಾ ಮತ್ತು ಯುರೋಪಿನ ಆಸ್ಪತ್ರೆಗಳಲ್ಲಿ 14ರಿಂದ 25 ವರ್ಷ ಪ್ರಾಯದ 618 ಮಂದಿಯ ಮೇಲೆ ನಡೆದ ಪರೀಕ್ಷೆಯ ಫಲ 2020ರಲ್ಲಿ ಹೊರಬಿತ್ತು. ಅರ್ಧದಷ್ಟು ಮಂದಿಗೆ ತೊಡೆಯ ಹಿಂಬದಿಯ ರಜ್ಜುವಿನ ಕಸಿ ಮಾತ್ರ. ಉಳಿದವರಿಗೆ ಕಸಿಯ ಜೊತೆಗೆ ತೊಡೆಯ ಹೊರಬದಿಯ ಪಟ್ಟಿಯಿಂದ ಸುಮಾರು ಒಂದು ಸೆಂಟಿಮೀಟರ್ ಅಗಲದ ಎಳೆಯನ್ನು ತೆಗೆದು ಹೊರ ಅಂಚನ್ನೂ ಬಿಗಿದರು. ಎರಡು ವರ್ಷಗಳಲ್ಲಿ ಮೊದಲನೆಯ ಗುಂಪಿನಲ್ಲಿ ಶೇಕಡ 11 ಮಂದಿಯ ಕಸಿ ಹರಿಯಿತು. ಎರಡನೆಯದರಲ್ಲಿ ಶೇಕಡ 4. ತಿರುವಿನ ಸಡಿಲ ಉಳಿದವರನ್ನೂ ಸೇರಿಸಿದರೆ ಸೋಲಿನ ಲೆಕ್ಕ ಶೇಕಡ 40 ಮತ್ತು 25. ಬೀಸುಕಲ್ಲಿನ ಹಿಡಿಯ ಮಾತು ನಿಜವೆಂದಾಯಿತು. ಎರಡನೆಯ ಗುಂಪಿನಲ್ಲಿಯೂ ಕಾಲುಭಾಗದಷ್ಟು ಮಂದಿಗೆ ಪೂರ್ಣ ಸ್ಥಿರತೆ ಸಿಗಲಿಲ್ಲವೆಂಬುದನ್ನೂ ಮರೆಯುವಂತಿಲ್ಲ. ಎಲ್ಲರಿಗೂ ಈ ಹೆಚ್ಚಿನ ಕಟ್ಟು ಬೇಕಿಲ್ಲ. ಪ್ರಾಯ ಸಣ್ಣದು, ತಿರುಗುವ ಆಟ, ಪರೀಕ್ಷೆಯಲ್ಲಿ ಎಲುಬು ಜೋರಾಗಿ ಹಾರುತ್ತದೆ ಎಂಬಂತಹವರ ವಿಷಯದಲ್ಲಿ ವೈದ್ಯರು ಇದನ್ನು ಯೋಚಿಸುತ್ತಾರೆ.

ಪತ್ತನಾಜೆಯ ಲೆಕ್ಕ

ಮಾವಿಗೆ, ಕಾಳುಮೆಣಸಿಗೆ ಕಸಿ ಕಟ್ಟಿ ಬಲ್ಲ ಬೆಳ್ತಂಗಡಿಯ ತೋಟಗಾರನಿಗೆ, ಕಟ್ಟಿದ ದಿನದ ಬಿಗಿ ಬೇರೆ, ಕಸಿ ಹಿಡಿಯುವುದು ಬೇರೆ ಎಂದು ವಿವರಿಸಬೇಕಾಗಿಲ್ಲ. ಮೊಣಕಾಲಿನಲ್ಲಿಯೂ ಹಾಗೆಯೇ. ತನ್ನ ಜಾಗದಿಂದ ಕಿತ್ತು ತಂದ ರಜ್ಜುವಿಗೆ ರಕ್ತದ ಪೂರೈಕೆ ತಪ್ಪಿರುತ್ತದೆ. ಅದರ ಜೀವಕೋಶಗಳು ಸಾಯುತ್ತವೆ. ಹೊಸ ರಕ್ತನಾಳಗಳು, ಹೊಸ ಕೋಶಗಳು ಒಳಹೊಕ್ಕು ಅದನ್ನು ಮೆಲ್ಲಮೆಲ್ಲನೆ ಅಸ್ಥಿಬಂಧವಾಗಿ ಮಾರ್ಪಡಿಸುತ್ತವೆ. ಈ ನಡುವೆ, ಮೊದಲ ಕೆಲವು ತಿಂಗಳುಗಳಲ್ಲಿ, ಕಸಿ ತನ್ನ ಅತ್ಯಂತ ದುರ್ಬಲ ಸ್ಥಿತಿಯಲ್ಲಿರುತ್ತದೆ. ದುರದೃಷ್ಟವೆಂದರೆ ರೋಗಿಗೆ ತಾನು ಗುಣವಾದೆನೆನಿಸುವುದು ಅದೇ ಕಾಲದಲ್ಲಿ. ಹೊಲಿಗೆ ಮಾಗಿದೆ, ಊತವಿಲ್ಲ, ಮೆಟ್ಟಿಲು ಹತ್ತಬಲ್ಲ, ಇನ್ನೇನು ಬೇಕು? ಹುಟ್ಟಿನ ಹಗ್ಗದಲ್ಲಿ ಸಂಧಿಯ ಸ್ಥಿತಿಯನ್ನು ಮಿದುಳಿಗೆ ತಿಳಿಸುತ್ತಿದ್ದ ನರತುದಿಗಳು ಹೊಸದರಲ್ಲಿ ಇಲ್ಲವೆಂಬುದು ಅವನಿಗೆ ತಿಳಿಯದು. ಕಾವಲುಗಾರ ಬಂದಿದ್ದಾನೆ, ಕೂಗುವ ಗಂಟಲು ಮಾತ್ರ ಇನ್ನೂ ಬಂದಿಲ್ಲ.

ನಾರ್ವೆಯಲ್ಲಿ ನಡೆದು 2016ರಲ್ಲಿ ಪ್ರಕಟವಾದ ಅಧ್ಯಯನವೊಂದು ಈ ಅವಸರದ ಬೆಲೆಯನ್ನು ಲೆಕ್ಕಹಾಕಿತು. ಶಸ್ತ್ರಕ್ರಿಯೆಯ ನಂತರ 9 ತಿಂಗಳ ತನಕ, ಆಟಕ್ಕೆ ಮರಳುವುದನ್ನು ಮುಂದೂಡಿದ ಒಂದೊಂದು ತಿಂಗಳಿಗೂ ಮರುಗಾಯದ ಸಂಭವ ಸುಮಾರು ಅರ್ಧಕ್ಕಿಳಿಯುತ್ತ ಹೋಗುತ್ತದೆ. ತೊಡೆಯ ಮುಂಬದಿಯ ಸ್ನಾಯು ಎರಡೂ ಕಾಲುಗಳಲ್ಲಿ ಸಮಬಲವಾಗುವುದು ಇನ್ನೊಂದು ರಕ್ಷೆ. ಒಂಟಿಕಾಲಿನ ನಿಲುವು, ಒಂಟಿಕಾಲಿನ ಬಸ್ಕಿ, ಒಂಟಿಕಾಲಿನ ನೆಗೆತ, ಕಟ್ಟಕಡೆಗೆ ತಿರುಗಿ ಇಳಿಯುವ ನೆಗೆತ: ಈ ಕ್ರಮವನ್ನು ಹಾರಿಸಿ ಮುಂದೆ ಹೋಗುವಂತಿಲ್ಲ. ಸಕಲ ಸೌಕರ್ಯಗಳಿದ್ದ ಕ್ರಿಕೆಟಿಗ ರಿಷಭ್ ಪಂತರಿಗೆ, ರಸ್ತೆ ಅಪಘಾತದ ಬಳಿಕ 2023ರ ಜನವರಿಯಲ್ಲಿ ಮೊಣಕಾಲಿನ ಅಸ್ಥಿಬಂಧಗಳ ಶಸ್ತ್ರಕ್ರಿಯೆಯಾಗಿ, ಮತ್ತೆ ಆಡಲು 2024ರ ಮಾರ್ಚ್ ಬರಬೇಕಾಯಿತು.

ಮೇಳದ ತರುಣ ಕಲಾವಿದನ ಪಂಚಾಂಗ ಬೇರೆಯದು. ತುಳುವರ ಬೇಶ ತಿಂಗಳ ಹತ್ತನೆಯ ದಿನ, ಎಂದರೆ ಮೇ 24ರ ಸುಮಾರಿಗೆ, ಪತ್ತನಾಜೆ. ಅಂದು ಮೇಳಗಳು ಗೆಜ್ಜೆ ಬಿಚ್ಚುತ್ತವೆ. ಮತ್ತೆ ತಿರುಗಾಟ ಹೊರಡುವುದು ದೀಪಾವಳಿ ಕಳೆದ ಮೇಲೆ, ನವೆಂಬರಿನ ಸುಮಾರಿಗೆ. ನಡುವೆ ಆರು ತಿಂಗಳು. ಮೊಣಕಾಲು ಕೆಟ್ಟವನು ಹೇಗೋ ಪಟ್ಟಿ ಬಿಗಿದು ತಿರುಗಾಟ ಮುಗಿಸಿ, ಮಳೆಗಾಲದಲ್ಲಿ ಶಸ್ತ್ರಕ್ರಿಯೆ ಮಾಡಿಸಿಕೊಂಡು, ಹೊಸ ತಿರುಗಾಟಕ್ಕೆ ಸಜ್ಜಾಗುತ್ತೇನೆಂದು ಲೆಕ್ಕಹಾಕುವುದು ಸಹಜ. ಆ ಲೆಕ್ಕ ಮೂರು ತಿಂಗಳು ತಪ್ಪುತ್ತದೆ. ಪತ್ತನಾಜೆಯ ಮರುದಿನವೇ ಕಸಿಯಾದರೂ 9 ತಿಂಗಳು ತುಂಬುವುದು ಫೆಬ್ರವರಿಯ ಕೊನೆಗೆ. ಅಷ್ಟರಲ್ಲಿ ತಿರುಗಾಟದ ಅರ್ಧ ಕಳೆದಿರುತ್ತದೆ. ಕಂಬಳದ ಓಟಗಾರನಿಗೂ ಇದೇ ಇಕ್ಕಟ್ಟು. ಅವನ ಋತುವೂ ನವೆಂಬರಿನಲ್ಲಿ ತೊಡಗುತ್ತದೆ. ಪಟ್ಟಿ ಬಿಗಿದು ಕುಣಿದ ತಿಂಗಳುಗಳಲ್ಲಿ ಮೆತ್ತೆಗಳು ಹರಿದಿದ್ದರೆ ನಷ್ಟ ಇನ್ನೂ ಹೆಚ್ಚು.

ಒಂದು ತಿರುಗಾಟ ತಪ್ಪಿದರೆ ಸಂಬಳ ತಪ್ಪುತ್ತದೆ, ಪಾತ್ರ ಇನ್ನೊಬ್ಬನ ಪಾಲಾಗುತ್ತದೆ, ಅಭಿಮಾನಿಗಳ ಬಾಯಲ್ಲಿದ್ದ ಹೆಸರು ಬದಲಾಗುತ್ತದೆ. ಇಪ್ಪತ್ತೆರಡರ ಹುಡುಗನಿಗೆ ಇದು ಮೊಣಕಾಲಿನ ನೋವಿಗಿಂತ ದೊಡ್ಡ ನೋವು. ಆದುದರಿಂದ ಕಾಯುವ ಹೊಣೆಯನ್ನು ಅವನೊಬ್ಬನ ತಲೆಗೆ ಕಟ್ಟುವುದು ನ್ಯಾಯವಲ್ಲ. ಮೇಳದ ಯಜಮಾನರೂ ಭಾಗವತರೂ ಮನಸ್ಸು ಮಾಡಿದರೆ, ಕುಣಿತ ಕಡಮೆಯಿದ್ದು ಮಾತು ಹೆಚ್ಚಿರುವ ಪಾತ್ರಗಳನ್ನು ಅವನಿಗೆ ಕೊಟ್ಟು ತಿರುಗಾಟದಲ್ಲಿ ಇರಿಸಿಕೊಳ್ಳಬಹುದು. ಪ್ರೇಕ್ಷಕರು ಧೀಂಗಿಣಗಳ ಲೆಕ್ಕ ಹಿಡಿಯುವ ಹವ್ಯಾಸವನ್ನು ಕೊಂಚ ಬಿಟ್ಟರೂ ಉಪಕಾರವೇ. ಕಬಡ್ಡಿ ತಂಡಗಳಿಗೆ ಇಂತಹ ಅನುಕೂಲವಿಲ್ಲ; ಅಲ್ಲಿ ಅಂಗಳದಲ್ಲಿದ್ದರೆ ಉಂಟು, ಇಲ್ಲವಾದರೆ ಇಲ್ಲ. ಹೊನಲು ಬೆಳಕಿನ ಒಂದು ರಾತ್ರಿಯ ಬಹುಮಾನಕ್ಕಾಗಿ ಐದನೆಯ ತಿಂಗಳಲ್ಲಿ ಅಂಗಳಕ್ಕಿಳಿದ ಹುಡುಗ ಎರಡನೆಯ ಸಲ ಶಸ್ತ್ರಕ್ರಿಯೆಯ ಮೇಜನ್ನು ಏರುವ ಸಂಭವ ಸಣ್ಣದಲ್ಲ, ಮತ್ತು ಎರಡನೆಯ ಕಸಿಗೆ ರಜ್ಜುವನ್ನು ಬೇರೆ ಕಡೆಯಿಂದ ಹುಡುಕಬೇಕಾಗುತ್ತದೆ.

ಯಕ್ಷಗಾನದವನಿಗೆ ಮತ್ತೊಂದು ಆಸರೆಯಿದೆ. ಮಳೆಗಾಲದಲ್ಲಿ ಗೆಜ್ಜೆಗೆ ಬಿಡುವಾದರೂ ನಾಲಗೆಗೆ ಬಿಡುವಿಲ್ಲ. ಬಂಟ್ವಾಳ, ಬೆಳ್ತಂಗಡಿ, ಮೂಡಬಿದಿರೆಗಳಲ್ಲೆಲ್ಲ ತಾಳಮದ್ದಳೆಯ ಕೂಟಗಳು ನಡೆಯುತ್ತವೆ. ಅಲ್ಲಿ ಬಣ್ಣವಿಲ್ಲ, ಕುಣಿತವಿಲ್ಲ. ಕುಳಿತು ಅರ್ಥ ಹೇಳುವುದು. ಹಿಂದಿನಂತೆ ಚಾಪೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂರುವುದು ಹೊಸ ಮೊಣಕಾಲಿಗೆ ಮೊದಲ ತಿಂಗಳುಗಳಲ್ಲಿ ಹೇಳಿದ್ದಲ್ಲ. ಈಗ ಎಷ್ಟೋ ಕೂಟಗಳಲ್ಲಿ ಅರ್ಥಧಾರಿಗಳಿಗೆ ಕುರ್ಚಿ ಹಾಕುತ್ತಾರೆ.